ಉಪ್ಪುನೀರು, ಹಬೆ ಮತ್ತು ಲೆಕ್ಕದ ಪುಸ್ತಕ

(ಕಾರ್ಮಿಕರು ಮತ್ತು ಸಣ್ಣ ವರ್ತಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)

ಇಂದಿನ ವಿಷಯದ ಹೆಸರು ಕೇಳಿಯೇ ಕೆಲವರು ಹಿಂಜರಿದಿರಬಹುದು. ಪೊರೆಯ ಮೂಲಕ ಉಪ್ಪುನೀರನ್ನು ಭಟ್ಟಿ ಇಳಿಸುವ ಕ್ರಿಯೆ, ಅದರ ಗಣಿತದ ಮಾದರಿ. ಇದು ಕಾಲೇಜಿನವರ ಮಾತು, ನಮಗೇಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ನೀರು ಕಾಲೇಜಿನವರ ಸೊತ್ತಲ್ಲ. ಇಂದು ನಮ್ಮ ನಾಡಿನ ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಘಟಕಗಳಿವೆ. ನಾಳೆ ಯಾರಾದರೂ ಬಂದು, "ಗಿರಣಿಯ ಚಿಮಣಿಯಲ್ಲಿ ಹಾಳಾಗಿ ಹೋಗುವ ಶಾಖದಿಂದಲೇ ಸಿಹಿನೀರು ಮಾಡಿಕೊಡುತ್ತೇನೆ, ಪಂಚಾಯಿತಿಯ ದುಡ್ಡು ಕೊಡಿ, ಸಹಕಾರ ಸಂಘದ ದುಡ್ಡು ಕೊಡಿ" ಎಂದರೆ ಉತ್ತರ ಹೇಳಬೇಕಾದವರು ನಾವು. ಆಗ ಲೆಕ್ಕ ಬಾರದವನಿಗೆ ಎರಡೇ ದಾರಿ: ಕುರುಡಾಗಿ ನಂಬುವುದು, ಇಲ್ಲವೆ ಕುರುಡಾಗಿ ಬಯ್ಯುವುದು. ಎರಡೂ ನಮಗೆ ತಕ್ಕುದಲ್ಲ. ಲೆಕ್ಕ ಕೂಡಿಸುವುದು ಅಂಗಡಿಕಾರನಿಗೆ ಗೊತ್ತು. ಹಬೆ ಎಂದರೇನೆಂಬುದು ಬಾಯ್ಲರಿನ ಬಳಿ ದುಡಿಯುವವನಿಗೆ ಗೊತ್ತು. ಈ ಇಬ್ಬರ ತಿಳಿವಳಿಕೆ ಸೇರಿದರೆ ಇಂದಿನ ವಿಷಯ ಮುಗಿಯಿತು.

ಮೊದಲು ಕ್ರಿಯೆಯನ್ನು ನೋಡೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ನೀರು ಆವಿಯಾದರೆ ಉಪ್ಪು ಹಿಂದೆ ಉಳಿಯುತ್ತದೆ. ಆವಿ ತಣಿದರೆ ಸಿಹಿನೀರು. ಇದು ಮಳೆಯಷ್ಟೇ ಹಳೆಯ ವಿದ್ಯೆ. ಹೊಸತೇನೆಂದರೆ ನಡುವೆ ಒಂದು ಪೊರೆಯನ್ನು ಇಡುವುದು. ಟೆಫ್ಲಾನ್, ಪಾಲಿಪ್ರೊಪಿಲೀನ್ ಮುಂತಾದ, ನೀರು ಹತ್ತದ ವಸ್ತುವಿನಿಂದ ಮಾಡಿದ ಪೊರೆ. ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವುದನ್ನು ನೀವೆಲ್ಲ ಕಂಡಿದ್ದೀರಿ. ಈ ಪೊರೆಯ ಮೇಲೂ ಹಾಗೆಯೇ. ಅದರ ತುಂಬ ಅತಿ ಸಣ್ಣ ರಂಧ್ರಗಳು. ಒಂದೊಂದರ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಭಾಗದಷ್ಟು. ನಮ್ಮ ತಲೆಗೂದಲು ಅದಕ್ಕಿಂತ ಮುನ್ನೂರು ಪಟ್ಟಾದರೂ ದಪ್ಪ. ಪೊರೆಯ ಒಂದು ಪಕ್ಕದಲ್ಲಿ ಬಿಸಿ ಉಪ್ಪುನೀರು ಹರಿಯುತ್ತದೆ, ಇನ್ನೊಂದು ಪಕ್ಕದಲ್ಲಿ ತಣ್ಣನೆಯ ಸಿಹಿನೀರು. ನೀರು ನೀರಾಗಿ ರಂಧ್ರದೊಳಗೆ ನುಗ್ಗಲಾರದು. ಆದರೆ ಆವಿ ನುಗ್ಗಬಲ್ಲದು. ಬಿಸಿ ಪಕ್ಕದ ನೀರು ರಂಧ್ರದ ಬಾಯಲ್ಲಿ ಆವಿಯಾಗಿ, ದಾಟಿ, ತಣ್ಣನೆಯ ಪಕ್ಕದಲ್ಲಿ ಮತ್ತೆ ನೀರಾಗುತ್ತದೆ. ಉಪ್ಪಿಗೆ ಈ ಬಾಗಿಲಲ್ಲಿ ಪ್ರವೇಶವಿಲ್ಲ. ನೀರನ್ನು ಕುದಿಸಬೇಕಾಗಿಲ್ಲ, 50, 60, 80 ಡಿಗ್ರಿ ಶಾಖ ಸಾಕು.

ಈ ಯೋಚನೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ ಬೋಡೆಲ್ ಎಂಬವರು 1963ರಲ್ಲೇ ಇದಕ್ಕೆ ಪೇಟೆಂಟು ಕೇಳಿದ್ದರು. 1967ರಲ್ಲಿ ಫಿಂಡ್ಲೆ ಎಂಬವರು ಕಾಗದ, ಗಾಜಿನ ನಾರು ಮುಂತಾದವಕ್ಕೆ ನೀರು ಹತ್ತದ ಲೇಪ ಕೊಟ್ಟು ಪ್ರಯೋಗ ಮಾಡಿ ಪ್ರಕಟಿಸಿದರು. ಆದರೆ ಅದೇ ಕಾಲದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಕ್ಯಾಲಿಫೋರ್ನಿಯದಲ್ಲಿ ಸಿದ್ಧಪಡಿಸಿದ ಇನ್ನೊಂದು ಬಗೆಯ ಪೊರೆ ಮುಂದಕ್ಕೆ ಬಂತು. ಅದೇ ನಾವೆಲ್ಲ ಆರ್.ಓ. ಎಂದು ಕರೆಯುವ ವಿಧಾನ. ಒತ್ತಡ ಹಾಕಿ ನೀರನ್ನು ಹಿಂಡಿ ತೆಗೆಯುವುದು. ಹಬೆಯ ಪೊರೆ ಹಿಂದೆ ಬಿದ್ದಿತು. 1980ರ ದಶಕದಲ್ಲಿ ಒಳ್ಳೆಯ ಟೆಫ್ಲಾನ್ ಪೊರೆಗಳು ಸಿಗತೊಡಗಿದ ಮೇಲೆ ಮತ್ತೆ ತಲೆ ಎತ್ತಿತು. 1987ರಲ್ಲಿ ಆಸ್ಟ್ರೇಲಿಯದ ಸ್ಕೋಫೀಲ್ಡ್, ಫೇನ್, ಫೆಲ್ ಎಂಬ ಮೂವರು ಶಾಖ ಮತ್ತು ಆವಿ ಎರಡರ ಲೆಕ್ಕವನ್ನೂ ಒಟ್ಟಿಗೆ ಹೊಂದಿಸಿ ತೋರಿಸಿದರು. ನಾನು ಈಗ ಹೇಳಹೊರಟಿರುವುದು ಬಹುಮಟ್ಟಿಗೆ ಆ ದಾರಿಯ ಲೆಕ್ಕ.

ಗಣಿತದ ಮಾದರಿ ಎಂದರೇನು? ಮರದ ಮಾದರಿಯಲ್ಲ, ಮಣ್ಣಿನ ಮಾದರಿಯಲ್ಲ. ಯಂತ್ರವನ್ನು ಕಟ್ಟುವ ಮೊದಲೇ ಅದರ ಜಮಾ-ಖರ್ಚನ್ನು ಬರೆದಿಡುವ ಖಾತೆಪುಸ್ತಕ, ಅಷ್ಟೆ. ಈ ಪುಸ್ತಕದಲ್ಲಿ ಎರಡು ಖಾತೆಗಳಿವೆ: ಒಂದು ನೀರಿನ ಖಾತೆ, ಇನ್ನೊಂದು ಶಾಖದ ಖಾತೆ. ಎರಡೂ ಒಂದಕ್ಕೊಂದು ಕಟ್ಟುಬಿದ್ದಿವೆ.

ನೀರಿನ ಖಾತೆಯ ಮೊದಲ ಸಾಲು ಇದು: ಪೊರೆಯನ್ನು ದಾಟುವ ಆವಿಯೆಷ್ಟು ಎಂಬುದು ಎರಡು ಪಕ್ಕಗಳ ಆವಿಯ ಒತ್ತಡದ ವ್ಯತ್ಯಾಸವನ್ನು ಅವಲಂಬಿಸಿದೆ. ವ್ಯತ್ಯಾಸವನ್ನು ಪೊರೆಯ ಗುಣಾಂಕದಿಂದ ಗುಣಿಸಿದರೆ ಉತ್ತರ. ಆವಿಯ ಒತ್ತಡವಾದರೋ ಶಾಖದೊಡನೆ ಸಮನಾಗಿ ಏರುವುದಿಲ್ಲ. ಚಕ್ರಬಡ್ಡಿಯ ಹಾಗೆ ಏರುತ್ತದೆ. 20 ಡಿಗ್ರಿಯಲ್ಲಿ ಅದು 2.3 ಕಿಲೋಪಾಸ್ಕಲ್, 40ರಲ್ಲಿ 7.4, 60ರಲ್ಲಿ 19.9, 80ರಲ್ಲಿ 47.4. ನೋಡಿ: 20ರಿಂದ 40ಕ್ಕೆ ಏರಿಸಿದರೆ ಸಿಕ್ಕುವ ಲಾಭ 5, ಅದೇ 20 ಡಿಗ್ರಿಯನ್ನು 60ರಿಂದ 80ಕ್ಕೆ ಏರಿಸಿದರೆ 27ಕ್ಕಿಂತ ಹೆಚ್ಚು. 1888ರಲ್ಲಿ ಆಂತ್ವಾನ್ ಎಂಬ ಫ್ರೆಂಚ್ ಎಂಜಿನಿಯರು ಕೊಟ್ಟ ಸೂತ್ರದಿಂದ ಈ ಅಂಕಿಗಳನ್ನು ಯಾವ ಡಿಗ್ರಿಗಾದರೂ ತೆಗೆಯಬಹುದು. ಉಪ್ಪು ಬೆರೆತರೆ ಆವಿಯ ಒತ್ತಡ ಕಡಮೆಯಾಗುವುದು ನಿಜ. ಆದರೆ ಸಮುದ್ರದ ನೀರಿಗೆ ಆ ಇಳಿತ ನೂರಕ್ಕೆ ಎರಡರಷ್ಟು ಮಾತ್ರ. ಇದು ಈ ವಿಧಾನದ ದೊಡ್ಡ ಬಲ. ಆರ್.ಓ. ಯಂತ್ರವು ಸಮುದ್ರದ ನೀರಿನಿಂದ ಮೊದಲ ಹನಿ ತೆಗೆಯಬೇಕಾದರೂ ಸುಮಾರು 27 ವಾಯುಭಾರದ ಎದುರು ಹೋರಾಡಬೇಕು. ಉಪ್ಪು ಎರಡು ಪಟ್ಟಾದರೆ ಆ ಹೋರಾಟವೂ ಎರಡು ಪಟ್ಟು. ಹಬೆಯ ಪೊರೆಗೆ ಉಪ್ಪಿನ ಭಯ ಅಷ್ಟಿಲ್ಲ.

ಇನ್ನು ಪೊರೆಯ ಗುಣಾಂಕ. ಆವಿಯ ಕಣವು ರಂಧ್ರದಲ್ಲಿ ಸಾಗುವುದು ಜಾತ್ರೆಯ ದಿನ ಓಣಿಯಲ್ಲಿ ಸಾಗಿದ ಹಾಗೆ. ಓಣಿ ಬಹಳ ಕಿರಿದಾದರೆ ಗೋಡೆಗೆ ತಾಕುವುದೇ ಹೆಚ್ಚು. ಈ ನಿಯಮವನ್ನು ಡೆನ್ಮಾರ್ಕಿನ ಮಾರ್ಟಿನ್ ನೂಡ್ಸೆನ್ 1909ರಲ್ಲಿ ಕಂಡುಹಿಡಿದರು. ಓಣಿ ಅಗಲವಾದರೆ, ಅಲ್ಲಿ ಮೊದಲೇ ನಿಂತಿರುವ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆಯುವುದೇ ಹೆಚ್ಚು. ನಮ್ಮ ಪೊರೆಯ ರಂಧ್ರದ ಅಳತೆಯಲ್ಲಿ ಎರಡೂ ಅಡ್ಡಿಗಳಿವೆ. ಒಂದೇ ದಾರಿಯಲ್ಲಿ ಎರಡು ಸುಂಕದ ಕಟ್ಟೆಗಳಿದ್ದರೆ ಎರಡೂ ಕಡೆ ತೆರುವ ಹಾಗೆ ಇವನ್ನು ಕೂಡಿಸಬೇಕು. ಇದಕ್ಕೆ ಬಳಸುವ ಒಂದು ಮಾದರಿಯ ಹೆಸರೇ ಧೂಳುಗಾಳಿಯ ಮಾದರಿ: ಪೊರೆಯ ಗಟ್ಟಿ ಭಾಗವನ್ನು ಗಾಳಿಯಲ್ಲಿ ಅಲುಗಾಡದೆ ನಿಂತ ದಪ್ಪ ಧೂಳಿನ ಕಣಗಳೆಂದು ಭಾವಿಸಿ ಲೆಕ್ಕ ಮಾಡುವುದು. ಹತ್ತಿಯ ಧೂಳಿನ ನಡುವೆ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಟ್ಟಿನಲ್ಲಿ, ರಂಧ್ರಗಳು ಹೆಚ್ಚಿದ್ದಷ್ಟೂ, ದಾರಿ ನೇರವಾದಷ್ಟೂ, ಪೊರೆ ತೆಳ್ಳಗಾದಷ್ಟೂ ಆವಿ ಹೆಚ್ಚು.

ಹಾಗಾದರೆ ಪೊರೆಯನ್ನು ತೆಳ್ಳಗೆ ಮಾಡುತ್ತಲೇ ಹೋಗಬಾರದೇಕೆ? ಇಲ್ಲಿ ಎರಡನೆಯ ಖಾತೆ ತೆರೆಯಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಇದು ದುಡಿಮೆಗೆ ಸಂದ ಕೂಲಿ, ಇದನ್ನು ತಪ್ಪಿಸುವಂತಿಲ್ಲ. ಇದಲ್ಲದೆ, ಪೊರೆಯ ಮೈಯ ಮೂಲಕವೇ ಬಿಸಿ ಪಕ್ಕದಿಂದ ತಣ್ಣನೆಯ ಪಕ್ಕಕ್ಕೆ ಶಾಖ ಸುಮ್ಮನೆ ಸೋರುತ್ತದೆ. ಇದರಿಂದ ಒಂದು ತೊಟ್ಟು ನೀರೂ ಬರುವುದಿಲ್ಲ. ಇದು ದಲ್ಲಾಳಿಯ ಪಾಲು. ಪೊರೆ ತೆಳ್ಳಗಾದಷ್ಟೂ ದಲ್ಲಾಳಿಯ ಪಾಲು ಹೆಚ್ಚುತ್ತದೆ.

ಮೂರನೆಯ ನಷ್ಟ ಇನ್ನೂ ಸೂಕ್ಷ್ಮವಾದದ್ದು. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಕೊಳವೆಯಲ್ಲಿ 60 ಡಿಗ್ರಿಯ ನೀರಿದೆ ಎಂದಮಾತ್ರಕ್ಕೆ ಪೊರೆಯ ಮೈಗೆ ತಾಗಿದ ನೀರೂ 60 ಡಿಗ್ರಿ ಎಂದಲ್ಲ. ಪೊರೆಯ ಬಳಿ ಆವಿಯಾಗುವ ನೀರು ಶಾಖವನ್ನು ಕಿತ್ತುಕೊಂಡು ಹೋಗುತ್ತಿರುತ್ತದೆ. ಆದುದರಿಂದ ಅಲ್ಲಿಯ ನೀರು ಸದಾ ತಣ್ಣಗೆ. ಆಚೆಯ ಪಕ್ಕದಲ್ಲಿ ಶಾಖ ಬಂದು ಸುರಿಯುವುದರಿಂದ ಅಲ್ಲಿ ಪೊರೆಗೆ ತಾಗಿದ ನೀರು ಬೆಚ್ಚಗೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ ಇದು. ಕೊಳವೆಯಲ್ಲಿ 40 ಡಿಗ್ರಿಯ ವ್ಯತ್ಯಾಸವಿದ್ದರೆ ಪೊರೆಗೆ ಮುಟ್ಟುವುದು ಅದರ ಒಂದು ಪಾಲು ಮಾತ್ರ. ಆ ಪಾಲು ಎಷ್ಟೆಂಬುದನ್ನು ಯಾರೂ ಮೊದಲೇ ಹೇಳಲಾರರು, ಲೆಕ್ಕದಿಂದಲೇ ತೆಗೆಯಬೇಕು.

ಈಗ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ಒಂದು ಚದರ ಮೀಟರ್ ಪೊರೆ. ಬಿಸಿ ನೀರು 60 ಡಿಗ್ರಿ, ತಣ್ಣೀರು 20 ಡಿಗ್ರಿ. ಪೊರೆಯ ಗುಣಾಂಕವನ್ನು ಹೀಗೆ ಇಟ್ಟುಕೊಳ್ಳೋಣ: ಒಂದು ಕಿಲೋಪಾಸ್ಕಲ್ ವ್ಯತ್ಯಾಸಕ್ಕೆ ಸೆಕೆಂಡಿಗೆ ಒಂದು ಗ್ರಾಂ ಆವಿ. ಸೋರಿಕೆ: ಪೊರೆಯ ಎರಡು ಮೈಗಳ ನಡುವಿನ ಪ್ರತಿ ಡಿಗ್ರಿಗೆ ಅರ್ಧ ಕಿಲೋವಾಟ್. ಹರಿಯುವ ನೀರು ಪೊರೆಗೆ ಶಾಖವನ್ನು ತಲುಪಿಸುವ ಶಕ್ತಿ: ಪ್ರತಿ ಡಿಗ್ರಿಗೆ 4.5 ಕಿಲೋವಾಟ್, ಎರಡೂ ಪಕ್ಕದಲ್ಲಿ ಸಮ. ಇವು ಪ್ರಯೋಗಶಾಲೆಯ ಒಳ್ಳೆಯ ಪೊರೆಗೆ ಸಲ್ಲುವ ಅಂಕಿಗಳು.

ಮೊದಲ ಊಹೆ: ಪೊರೆಯ ಮೈಯಲ್ಲೂ 60 ಮತ್ತು 20 ಡಿಗ್ರಿಯೇ ಇದೆ ಎನ್ನೋಣ. ಒತ್ತಡದ ವ್ಯತ್ಯಾಸ 17.6. ಗಂಟೆಗೆ 63 ಲೀಟರ್ ಸಿಹಿನೀರು! ಯಂತ್ರ ಮಾರುವವನು ಇಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ನಾವು ಮುಚ್ಚಕೂಡದು. ಇಷ್ಟು ಆವಿಗೆ ಬೇಕಾದ ಶಾಖ 42 ಕಿಲೋವಾಟ್, ಸೋರಿಕೆ 20, ಒಟ್ಟು 62. ಇಷ್ಟನ್ನು ತಲುಪಿಸಬೇಕಾದರೆ ನೀರಿಗೂ ಪೊರೆಗೂ ನಡುವೆ 14 ಡಿಗ್ರಿ ಇಳಿತವಿರಬೇಕು. ಇಳಿತವೇ ಇಲ್ಲವೆಂದು ಊಹಿಸಿದ್ದೆವು. ಲೆಕ್ಕ 14 ಎನ್ನುತ್ತದೆ. ಖಾತೆ ತಾಳೆಯಾಗಲಿಲ್ಲ.

ಸರಿ, 14 ಎಂದೇ ಇಟ್ಟುಕೊಳ್ಳೋಣ. ಪೊರೆಯ ಮೈ 46 ಮತ್ತು 34 ಡಿಗ್ರಿಯಾಯಿತು. ಒತ್ತಡದ ವ್ಯತ್ಯಾಸ 4.8ಕ್ಕೆ ಕುಸಿಯಿತು. ಆವಿಗೆ 11.5 ಕಿಲೋವಾಟ್, ಸೋರಿಕೆಗೆ 6. ಇಷ್ಟಕ್ಕೆ 4 ಡಿಗ್ರಿ ಇಳಿತ ಸಾಕು. ಮತ್ತೆ ತಾಳೆಯಿಲ್ಲ. ಇದು ಸಂತೆಯ ಚೌಕಾಸಿಯ ಹಾಗೆ: ಒಬ್ಬ 14 ಅನ್ನುತ್ತಾನೆ, ಇನ್ನೊಬ್ಬ 4 ಅನ್ನುತ್ತಾನೆ. ನಡುವೆ 9 ಹಿಡಿಯಿರಿ. ಲೆಕ್ಕ ಮಾಡಿದರೆ ಉತ್ತರ 7ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಮತ್ತೆ ನಡುವೆ ಹಿಡಿದು 8 ಎನ್ನಿ. ಈಗ ಲೆಕ್ಕವೂ 8ರ ಹತ್ತಿರವೇ ನಿಲ್ಲುತ್ತದೆ. ಬೇರ ಕುದುರಿತು. ಪೊರೆಯ ಬಿಸಿ ಮೈ 52, ತಣ್ಣನೆಯ ಮೈ 28. ಒತ್ತಡದ ವ್ಯತ್ಯಾಸ 9.8. ಗಂಟೆಗೆ 35 ಲೀಟರ್.

63 ಎಲ್ಲಿ, 35 ಎಲ್ಲಿ! ಒಂದೇ ಯಂತ್ರ, ಒಂದೇ ನೀರು, ಒಂದೇ ಬೆಂಕಿ. ವ್ಯತ್ಯಾಸ ಬಂದದ್ದು ಲೆಕ್ಕವನ್ನು ಕೊನೆಯವರೆಗೆ ನಡೆಸಿದ್ದರಿಂದ. ಗಣಿತದ ಮಾದರಿಯ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ದೊಡ್ಡ ಸಂಸ್ಥೆಗಳಲ್ಲಿ ಕಂಪ್ಯೂಟರು ಮಾಡುವುದೂ ಇದೇ ಚೌಕಾಸಿಯನ್ನೇ. ಅದು ಕ್ಷಣದಲ್ಲಿ ಸಾವಿರ ಸಲ ಮಾಡುತ್ತದೆ, ಅಷ್ಟೆ.

ಈಗ ಖರ್ಚಿನ ಪುಟವನ್ನು ತಿರುವೋಣ. ಈ 35 ಲೀಟರಿಗೆ ಸುರಿದ ಶಾಖ ಎಷ್ಟು? ಆವಿಗೆ 23.6 ಕಿಲೋವಾಟ್, ಸೋರಿಕೆಗೆ 12; ಒಟ್ಟು 35.6. ನೂರರಲ್ಲಿ 66 ಪಾಲು ಕೆಲಸಕ್ಕೆ, 34 ಪಾಲು ದಲ್ಲಾಳಿಗೆ. ಲೀಟರಿಗೆ ಒಂದು ಯೂನಿಟ್ ಶಾಖ ಬಿತ್ತು. ಸಾವಿರ ಲೀಟರಿಗೆ ಸಾವಿರ ಯೂನಿಟ್. ಸಮುದ್ರದ ನೀರನ್ನು ಸಿಹಿ ಮಾಡುವ ಇಂದಿನ ದೊಡ್ಡ ಆರ್.ಓ. ಸ್ಥಾವರಗಳು ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತವೆ. ವಿದ್ಯುತ್ತು ದುಬಾರಿ, ಶಾಖ ಅಗ್ಗ ಎಂಬುದನ್ನು ಒಪ್ಪಿಕೊಂಡರೂ ಅಂತರ ದೊಡ್ಡದು. ಆದುದರಿಂದ ಸೌದೆಗೋ ಕಲ್ಲಿದ್ದಲಿಗೋ ದುಡ್ಡು ತೆತ್ತು ಈ ವಿಧಾನದಿಂದ ಸಿಹಿನೀರು ಮಾಡುತ್ತೇನೆಂದು ಹೊರಡುವುದು ದಿವಾಳಿಯ ದಾರಿ. ಸೂರ್ಯನನ್ನೇ ನಂಬಿದರೂ, ಒಂದು ಚದರ ಮೀಟರ್ ಬಿಸಿಲು ಹಲಗೆ ಒಳ್ಳೆಯ ದಿನದಲ್ಲಿ ಹಿಡಿದುಕೊಡುವ ಶಾಖ ಎರಡೂವರೆ ಮೂರು ಯೂನಿಟ್. ಅಂದರೆ ಎರಡು ಮೂರು ಲೀಟರ್ ನೀರು.

ಹಾಗಾದರೆ ಗಿರಣಿಯ ಹಾಳು ಶಾಖ? ಅದರ ಲೆಕ್ಕವನ್ನೂ ಮಾಡೋಣ. ಬಣ್ಣದ ಮನೆಯಿಂದ 60 ಡಿಗ್ರಿಯ ನೀರು ಸಾವಿರ ಲೀಟರ್ ಚರಂಡಿಗೆ ಹೋಗುತ್ತಿದೆ ಎನ್ನೋಣ. ಅದನ್ನು 40 ಡಿಗ್ರಿಗೆ ತಣಿಸಿ ಶಾಖ ತೆಗೆದರೆ ಸಿಗುವುದು 23 ಯೂನಿಟ್. ನಮ್ಮ ದರದಲ್ಲಿ 23 ಲೀಟರ್ ಸಿಹಿನೀರು. ಸಾವಿರಕ್ಕೆ ಇಪ್ಪತ್ತಮೂರು! ಆವಿ ತಣಿಯುವಾಗ ಬಿಡುವ ಶಾಖವನ್ನು ಹಿಡಿದು, ಒಳಬರುವ ಉಪ್ಪುನೀರನ್ನು ಅದರಿಂದಲೇ ಕಾಯಿಸಿ, ಒಂದೇ ಶಾಖವನ್ನು ಮೂರು ಸಲ ದುಡಿಸಿದರೆ 70 ಲೀಟರಾದೀತು. ಆದರೆ ಹಾಗೆ ದುಡಿಸಬೇಕಾದರೆ ಪೊರೆ ಉದ್ದವಾಗಬೇಕು, ಎರಡು ಪಕ್ಕಗಳ ವ್ಯತ್ಯಾಸ ಕೆಲವೇ ಡಿಗ್ರಿಗೆ ಇಳಿಯಬೇಕು. ಆಗ ಚದರ ಮೀಟರಿಗೆ ಗಂಟೆಗೆ 35 ಲೀಟರ್ ಬಾರದು. ಕೆಲವೇ ಲೀಟರ್ ಬಂದೀತು. ಶಾಖ ಉಳಿಸಿದರೆ ಪೊರೆಗೆ ಖರ್ಚು, ಪೊರೆ ಉಳಿಸಿದರೆ ಶಾಖಕ್ಕೆ ಖರ್ಚು. ಉದ್ದನೆಯ ಪೊರೆಯ ಲೆಕ್ಕವನ್ನು ತುಂಡು ತುಂಡಾಗಿ ಮಾಡಬೇಕು: ಮೊದಲ ಗೇಣಿನಲ್ಲಿ ನೀರು ಎಷ್ಟು ತಣಿಯಿತು, ಅದು ಎರಡನೆಯ ಗೇಣಿಗೆ ಎಷ್ಟು ಬಿಸಿಯಾಗಿ ಹೋಯಿತು ಎಂದು ಕೊನೆಯವರೆಗೆ. ಒಂದು ಗೇಣು ಪೊರೆಯಲ್ಲಿ ಪಡೆದ ಅಂಕಿಯನ್ನು ಹತ್ತು ಮೀಟರಿಗೆ ಗುಣಿಸುವವನು ಅಜ್ಞಾನಿ, ಇಲ್ಲವೆ ಚತುರ.

ಇಷ್ಟೆಲ್ಲ ಕೇಳಿದ ಮೇಲೆ ಈ ವಿಧಾನವೇ ಬೇಡವೆಂದು ನೀವು ಹೇಳುವಿರೇನೋ. ಅದೂ ಆತುರದ ತೀರ್ಪು. ಶಾಖ ನಿಜವಾಗಿಯೂ ಪುಕ್ಕಟೆಯಾಗಿರುವ ಕಡೆ, ನೀರು ಬಹಳ ದುಬಾರಿಯಾಗಿರುವ ಕಡೆ ಇದಕ್ಕೆ ಎಡೆಯುಂಟು. ಮಾಲ್ಡೀವ್ಸ್ ದೇಶದ ಗುಲ್ಹಿ ಎಂಬ ಪುಟ್ಟ ದ್ವೀಪದಲ್ಲಿ 2014ರಲ್ಲಿ, ಡೀಸೆಲ್ ಜನರೇಟರು ಹೊರಹಾಕುವ ಶಾಖದಿಂದ ದಿನಕ್ಕೆ ಸುಮಾರು 10 ಸಾವಿರ ಲೀಟರ್ ತೆಗೆಯುವ ಯಂತ್ರವನ್ನು ಹೂಡಿದರು. ನಮ್ಮದೇ ಲಕ್ಷದ್ವೀಪದ ಕವರತ್ತಿಯಲ್ಲಿ ಕೇಂದ್ರ ಸರಕಾರದ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ ಕಟ್ಟಿತು. ಅಲ್ಲಿ ಪೊರೆಯಿಲ್ಲ, ಗಾಳಿ ತೆಗೆದ ಕೋಣೆಯಲ್ಲಿ ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಆವಿಯಾಗಿಸಿ, ಆಳದಿಂದ ಸೇದಿದ ತಣ್ಣೀರಿನಿಂದ ತಣಿಸುತ್ತಾರೆ. ಆದರೆ ಲೆಕ್ಕದ ತಾಯಿಬೇರು ಒಂದೇ: ಎರಡು ಶಾಖಗಳ ನಡುವಿನ ಆವಿಯ ಒತ್ತಡದ ವ್ಯತ್ಯಾಸ.

ಇನ್ನೊಂದು ಎಡೆ ನೂಲು-ಬಟ್ಟೆಯ ಕಸುಬಿನವರಿಗೆ ಹತ್ತಿರದ್ದು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ನೊಯ್ಯಲ್ ನದಿಗೆ ಬಣ್ಣದ ಮತ್ತು ಉಪ್ಪಿನ ನೀರು ಹರಿದು ಕೆಳಗಿನ ರೈತರ ಹೊಲ ಕೆಟ್ಟಿತ್ತು. ಕಾರ್ಖಾನೆಯ ಕದ ಮುಚ್ಚಿದ ದಿನ ಕೂಲಿಯೂ ನಿಂತಿತು. ರೈತನ ಹೊಲವೋ ಕಾರ್ಮಿಕನ ಕೂಲಿಯೋ ಎಂಬ ಜಗಳವನ್ನು ಹುಟ್ಟಿಸಿದ್ದು ಕೊಳೆನೀರಿನ ಉಪ್ಪು. ಆರ್.ಓ. ಯಂತ್ರ ಆ ನೀರಿನ ಬಹುಭಾಗವನ್ನು ಶುದ್ಧಗೊಳಿಸಿದರೂ ಕೊನೆಗೆ ಕಡುಗಟ್ಟಿದ ಉಪ್ಪುನೀರು ಉಳಿಯುತ್ತದೆ. ಉಪ್ಪಿಗೆ ಹೆದರದ ಹಬೆಯ ಪೊರೆಗೆ ಅದೇ ತಕ್ಕ ಕೆಲಸ ಎಂದು ಸಂಶೋಧಕರು ನೋಡುತ್ತಿದ್ದಾರೆ.

ಆದರೆ ಅಲ್ಲಿಯೂ ಒಂದು ಮುಳ್ಳಿದೆ. ಪೊರೆ ನೀರನ್ನು ತಡೆಯುವುದು ನೀರಿನ ಮೇಲ್ಮೈ ಎಳೆತದ ಬಲದಿಂದ. 60 ಡಿಗ್ರಿಯ ಶುದ್ಧ ನೀರಿಗೆ, ಅರ್ಧ ಮೈಕ್ರಾನ್ ಅಗಲದ ರಂಧ್ರಕ್ಕೆ, ಈ ತಡೆ ಸುಮಾರು ಎರಡೂವರೆ ವಾಯುಭಾರ. ನೀರಿಗೆ ಸಾಬೂನು ಬೆರೆತರೆ ಆ ಎಳೆತ ಅರ್ಧಕ್ಕೂ ಕೆಳಗಿಳಿಯುತ್ತದೆ, ನೀರು ಪೊರೆಗೆ ಹತ್ತತೊಡಗುತ್ತದೆ, ರಂಧ್ರಗಳು ಒದ್ದೆಯಾಗುತ್ತವೆ. ಒಮ್ಮೆ ಒದ್ದೆಯಾದರೆ ಉಪ್ಪುನೀರು ನೇರವಾಗಿ ದಾಟಿಬಿಡುತ್ತದೆ. ಬಣ್ಣದ ಮನೆಯ ನೀರಿನಲ್ಲಿ ಸಾಬೂನಿನಂತಹ ವಸ್ತುಗಳು ಇದ್ದೇ ಇರುತ್ತವೆ. ನಾವು ಮೇಲೆ ಮಾಡಿದ ಲೆಕ್ಕ ಈ ಅಪಾಯವನ್ನು ಅರಿಯದು. ಪೊರೆ ಸದಾ ಒಣಗಿರುತ್ತದೆ ಎಂದೇ ಅದು ನಂಬಿದೆ. ಸುಣ್ಣದ ಗಟ್ಟಿ ಕಟ್ಟಿಕೊಂಡು ರಂಧ್ರ ಮುಚ್ಚುವುದನ್ನೂ ಅದು ಅರಿಯದು. ಮಾದರಿಯು ತನ್ನಲ್ಲಿ ಬರೆದುದನ್ನು ಮಾತ್ರ ಹೇಳುತ್ತದೆ, ಬರೆಯದುದನ್ನು ಹೇಳುವುದಿಲ್ಲ. ಆದುದರಿಂದ ಲೆಕ್ಕವನ್ನು ಪ್ರಯೋಗದೊಡನೆ, ಒಂದು ದಿನದ ಪ್ರಯೋಗವಲ್ಲ, ತಿಂಗಳುಗಟ್ಟಲೆ ನಡೆದ ಪ್ರಯೋಗದೊಡನೆ ತಾಳೆ ನೋಡತಕ್ಕದ್ದು.

ಮಿತ್ರರೇ, ನಾಳೆ ಯಾರಾದರೂ ಇಂತಹ ಯಂತ್ರವನ್ನು ನಮ್ಮ ಮುಂದಿಟ್ಟರೆ ಐದು ಪ್ರಶ್ನೆ ಕೇಳಿ. ನೀನು ಹೇಳುವ ಡಿಗ್ರಿ ಕೊಳವೆಯದೋ, ಪೊರೆಯ ಮೈಯದೋ? ಲೀಟರಿಗೆ ಎಷ್ಟು ಯೂನಿಟ್ ಶಾಖ, ಅದು ಯಾರ ಶಾಖ? ಗಂಟೆಗೆ ಇಷ್ಟು ಲೀಟರ್ ಎಂಬ ಅಂಕಿ ಒಂದು ಗೇಣು ಪೊರೆಯದೋ, ಪೂರ್ಣ ಯಂತ್ರದ್ದೋ? ನಮ್ಮೂರಿನ ನೀರನ್ನೇ ಹಾಕಿ ಎಷ್ಟು ದಿನ ನಡೆಸಿದ್ದೀಯೆ? ಪೊರೆ ಒದ್ದೆಯಾದ ದಿನ ಅದನ್ನು ನಮಗೆ ತಿಳಿಸುವ ಮಾಪಕ ಎಲ್ಲಿದೆ, ಹೊಸ ಪೊರೆಯ ಖರ್ಚು ಯಾರ ತಲೆಯ ಮೇಲೆ? ಈ ಐದಕ್ಕೂ ಬಾಯಿಮಾತಿನ ಉತ್ತರ ಬೇಡ, ಕಾಗದದ ಮೇಲೆ ಬೇಕು.

ನೀರಿನ ಲೆಕ್ಕ ಕೆಲವರ ಕೈಯಲ್ಲಿ ಮಾತ್ರ ಇದ್ದರೆ ನೀರೂ ಅವರ ಕೈಯಲ್ಲೇ ಉಳಿಯುತ್ತದೆ. ಒತ್ತಡ, ಶಾಖ, ಸೋರಿಕೆ ಎಂಬ ಮೂರು ಮಾತುಗಳನ್ನು ಇಂದು ನಾವು ನಮ್ಮ ಜಮಾ-ಖರ್ಚಿನ ಭಾಷೆಗೆ ತಂದುಕೊಂಡೆವು. ಇದಕ್ಕೆ ಪದವಿ ಬೇಕಾಗಲಿಲ್ಲ, ಕೂಡಿಸಿ ಗುಣಿಸುವ ತಾಳ್ಮೆ ಸಾಕಾಯಿತು. ಮನೆಗೆ ಹೋಗಿ ಬಿಸಿ ನೀರನ್ನು 60ರ ಬದಲು 70 ಡಿಗ್ರಿ ಎಂದಿಟ್ಟು ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿ. 70 ಡಿಗ್ರಿಗೆ ಆವಿಯ ಒತ್ತಡ 31.2. ಮುಂದಿನ ವರ್ಗದಲ್ಲಿ ನಿಮ್ಮ ಉತ್ತರಗಳನ್ನು ಒಂದರೊಡನೊಂದು ತಾಳೆ ನೋಡೋಣ.